ಲಾಬ, ರಡ್ಡ್, ಮೂಜಿ

ಟಿಕೆಟ್ ನನ್ನ ಬ್ಯಾಗಿನ ಒಳಜಿಪ್ಪಿನಲ್ಲಿತ್ತು. ಮಸ್ಕತ್ತಿನಿಂದ ಮುಂಬಯಿ, ಅಲ್ಲಿಂದ ಮಂಗಳೂರು. ತಾರೀಕು ಬರೆಯುವ ಜಾಗದಲ್ಲಿ ‘ಓಪನ್’ ಎಂದಿತ್ತು. ಶನಿವಾರ ಟ್ರಾವೆಲ್ಸಿನವನಿಗೆ ಫೋನ್ ಮಾಡಿ ಸೀಟು ಗಟ್ಟಿ ಮಾಡಿಕೊಂಡರೆ ಅದು ಟಿಕೆಟ್, ಇಲ್ಲದಿದ್ದರೆ ಬರೀ ಕಾಗದ. ನಾನು ಇವರಿಗೆ ಹೇಳಿಬಿಟ್ಟಿದ್ದೆ: ಶನಿವಾರ ಫೋನ್ ಮಾಡಿ, ನಾನು ಹೊರಟೆ, ಇನ್ನು ಈ ಕಡೆಗೆ ಬರುವವಳಲ್ಲ.

ಇವರು ಎಂದರೆ ನನ್ನ ಗಂಡ ಭೋಜರಾಜ. ಸಿಟ್ಟು ಮಾಡಲಿಲ್ಲ, ಬೇಡ ಎನ್ನಲೂ ಇಲ್ಲ. ಕಟ್ಟಿಕೊಂಡ ಹೆಂಡತಿ ಇಪ್ಪತ್ತೈದು ವರ್ಷದ ಮೇಲೆ ಹೊರಟೆ ಎಂದರೆ, ಕಡೇಪಕ್ಷ ಕೈಯಲ್ಲಿದ್ದ ಲೋಟವನ್ನಾದರೂ ಸ್ವಲ್ಪ ಜೋರಾಗಿ ಇಡಬೇಡವೇ? ಇವರು ಲೋಟ ತೊಳೆದು ಕವುಚಿ ಹಾಕಿ, ಕೈ ಒರೆಸಿಕೊಂಡು, "ಶನಿವಾರ ಅಲ್ಲವಾ? ಅದಕ್ಕೆ ಮೊದಲು ಎರಡು ದಿನ ಖಸಬಿಗೆ ಹೋಗಿ ಬರುವ" ಎಂದರು. "ಅಲ್ಲಿ ಸಮುದ್ರದ ಬದಿಯಲ್ಲಿ ಒಂದು ಕ್ಯಾಬಿನ್ ಉಂಟು. ಹಕ್ಕಿ ನೋಡ್ಲಿಕ್ಕೆ."

"ಹಕ್ಕಿಯಾ?" ಎಂದೆ.

ನಮ್ಮದು ರಜೆಯ ಮದುವೆ. ಇವರು ಒಮಾನಿಗೆ ಬಂದದ್ದು ೧೯೭೯ರಲ್ಲಿ, ಮರುವರ್ಷ ಊರಿಗೆ ಬಂದು ನನ್ನನ್ನು ಮದುವೆಯಾಗಿ ಇಪ್ಪತ್ತೆಂಟನೆಯ ದಿನ ವಾಪಸು ಹೋದರು. ಅಲ್ಲಿಂದ ಮುಂದೆ ವರ್ಷಕ್ಕೆ ಒಂದು ತಿಂಗಳು. ನಾವು ಒಂದೇ ಸೂರಿನ ಕೆಳಗೆ ಇದ್ದ ದಿನಗಳನ್ನೆಲ್ಲ ಒಟ್ಟು ಮಾಡಿದರೆ ಎರಡು ವರ್ಷವಾದೀತು. ಅತ್ತೆ ತೀರಿಕೊಂಡರು, ಮಗಳು ನಿಶ್ಮಿತಾ ಮದುವೆಯಾಗಿ ಪುಣೆಗೆ ಹೋದಳು, ಮಗ ಶ್ರವಣ್ ಹಾಸ್ಟೆಲ್ ಸೇರಿದ. ಆಗ ಎಲ್ಲರೂ ಸೇರಿ, ಇನ್ನಾದರೂ ಗಂಡನ ಜೊತೆ ಇರು ಎಂದು ನನ್ನನ್ನು ವಿಮಾನ ಹತ್ತಿಸಿದರು. ೨೦೦೪ರ ಡಿಸೆಂಬರಿನಲ್ಲಿ ನಾನು ಮಸ್ಕತ್ತಿನ ಅಲ್ ಹೈಲ್‌ನ ಈ ಎರಡನೆಯ ಮಹಡಿಯ ಫ್ಲ್ಯಾಟಿಗೆ ಬಂದೆ. ಫ್ಯಾಮಿಲಿ ವೀಸಾ, ಹೊಸ ಪರದೆ, ಹೊಸ ಮಂಚ, ಎಲ್ಲ ಇತ್ತು. ನಾನು ಮಾಡುವುದಕ್ಕೆ ಮಾತ್ರ ಏನೂ ಇರಲಿಲ್ಲ.

ಈ ಮನುಷ್ಯ ತನ್ನ ಬಟ್ಟೆಯನ್ನು ತಾನೇ ಒಗೆಯುತ್ತಾರೆ, ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಾರೆ. ಬೆಳಿಗ್ಗೆ ಒಂದೇ ಒಂದು ಲೋಟ ಚಹಾ ಮಾಡುತ್ತಾರೆ, ಆಮೇಲೆ ನನ್ನ ನೆನಪಾಗಿ ಇನ್ನೊಂದಕ್ಕೆ ನೀರಿಡುತ್ತಾರೆ. ಪ್ಲಾಸ್ಟಿಕ್ ಚೀಲಗಳನ್ನು ತ್ರಿಕೋನಾಕಾರವಾಗಿ ಮಡಚಿ ಡ್ರಾಯರಿನಲ್ಲಿ ಸಾಲಾಗಿ ಇಡುತ್ತಾರೆ. ನಾನು ಒಂದನ್ನು ಮಡಚದೆ ಹಾಕಿದರೆ ಬಾಯಿಬಿಟ್ಟು ಹೇಳದೆ, ತೆಗೆದು ಮಡಚಿ ಮತ್ತೆ ಇಡುತ್ತಾರೆ. ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿಗೆ ಹೋದರೆ ಬೆಂಡೆಕಾಯಿಯ ತುದಿ ಮುರಿದು ನೋಡುವುದೂ ಇವರೇ. "ನೀನು ಕೂತ್ಕೋ, ಕೂತ್ಕೋ" ಎನ್ನುವುದು ದಿನಕ್ಕೆ ಹತ್ತು ಸಲ. ಊರಿನಲ್ಲಿ ಹದಿನೆಂಟು ಜನ ಕೆಲಸದವರಿಗೆ ಗಂಜಿ ಬಡಿಸಿದ ಹೆಂಗಸು ನಾನು, ಈ ಮನೆಯಲ್ಲಿ ನೆಂಟಳಾಗಿದ್ದೆ. ಎರಡೂವರೆ ತಿಂಗಳು ಸೋಫಾದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಸೋಫಾಕ್ಕೆ ನಡೆದು ನನ್ನ ಕಾಲು ಸೋತಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ವೀಸಾದ ಅರ್ಜಿಯ ಒಂದು ಪ್ರತಿ ಮೇಜಿನ ಮೇಲೆ ಸಿಕ್ಕಿತು. ಮಕ್ಕಳ ಸಂಖ್ಯೆ ಎಂಬಲ್ಲಿ ಇವರ ಅಂದವಾದ ಅಕ್ಷರದಲ್ಲಿ ‘೨’ ಎಂದಿತ್ತು. ಅದು ಸರಿಯೇ, ಸರಕಾರಕ್ಕೆ ಬೇಕಾದದ್ದು ಬದುಕಿರುವವರ ಲೆಕ್ಕ. ಆದರೂ ಅದನ್ನು ನೋಡಿದ ದಿನ ನಾನು ಬ್ಯಾಗಿನಿಂದ ಟಿಕೆಟ್ ತೆಗೆದು ದಿನ ಎಣಿಸಿದೆ.

ನಿಶ್ಮಿತಾಳಿಗಿಂತ ಮೊದಲು ನನಗೊಂದು ಮಗು ಹುಟ್ಟಿತ್ತು. ಆರು ದಿನ ಇತ್ತು. ಈ ಮನುಷ್ಯ ಇವತ್ತಿನವರೆಗೆ ಆ ವಿಷಯದಲ್ಲಿ ಒಂದು ಮಾತು, ಒಂದೇ ಒಂದು ಮಾತು, ನನ್ನಲ್ಲಿ ಕೇಳಿದವರಲ್ಲ.

ಒಮಾನಿನ ಉತ್ತರದ ತುದಿಯಲ್ಲಿರುವ ಖಸಬಿಗೆ ಹೋಗುವ ವಿಮಾನ ನಮ್ಮೂರಿನ ಬಸ್ಸಿಗಿಂತ ಚಿಕ್ಕದು. ಬುಧವಾರ ಬೆಳಿಗ್ಗೆ ಇಳಿದಾಗ ಸುತ್ತ ಎಲ್ಲಿ ನೋಡಿದರೂ ಬೋಳು ಕಲ್ಲುಗುಡ್ಡ, ಒಂದು ಹುಲ್ಲುಕಡ್ಡಿಯೂ ಇಲ್ಲ, ಗುಡ್ಡದ ಸಂದುಸಂದಿನಲ್ಲಿ ಸಮುದ್ರ ಒಳಗೆ ನುಗ್ಗಿ ಬಂದಿದೆ. "ಇದನ್ನು ಅರಬ್ಬಿಗಳ ನಾರ್ವೆ ಅಂತಾರೆ" ಎಂದರು ಇವರು. ಇವರ ಆಫೀಸಿನಲ್ಲಿ ನಾರ್ವೆಯ ಒಬ್ಬ ಎಂಜಿನಿಯರ್ ಇದ್ದನಂತೆ. ಹಕ್ಕಿಯ ಹುಚ್ಚು ಹಿಡಿಸಿದವನು ಅವನೇ. ಹೋದ ವರ್ಷ ಊರಿಗೆ ಮರಳುವಾಗ ತನ್ನ ದುರ್ಬೀನನ್ನೂ ಒಂದು ನೋಟ್‌ಬುಕ್ಕನ್ನೂ ಇವರಿಗೆ ಕೊಟ್ಟು ಹೋಗಿದ್ದ. ಅವನು ಕಳಿಸಿದ ಕ್ಯಾಲೆಂಡರ್ ನಮ್ಮ ಅಡಿಗೆಮನೆಯಲ್ಲಿ ತೂಗುತ್ತಿತ್ತು: ಬೂದಿ ಬಣ್ಣದ ಸಮುದ್ರ, ಬಂಡೆಯ ಮೇಲೊಂದು ಕೆಂಪು ಮರದ ಪುಟ್ಟ ಮನೆ, ಕಿಟಕಿಗೆ ಬಿಳಿ ಚೌಕಟ್ಟು. ಕ್ಯಾಬಿನ್ ಎಂದರೆ ಅದೇ ಎಂದು ನಾನು ಮನಸ್ಸಿನಲ್ಲಿ ಚಿತ್ರ ಮಾಡಿಕೊಂಡಿದ್ದೆ.

ಬಂದರಿನಲ್ಲಿ ಬಾದುಶಾ ಕಾಯುತ್ತಿದ್ದ. ಉಳ್ಳಾಲದ ಬ್ಯಾರಿ, ನಲವತ್ತರ ಆಸುಪಾಸು. ಕ್ಯಾಬಿನ್ನಿನ ಯಜಮಾನನ ದೋಣಿ ನಡೆಸುವವನು ಅವನೇ. ನಮ್ಮ ತುಳು ಕಿವಿಗೆ ಬಿದ್ದದ್ದೇ ತಡ, ಅವನ ಮುಖ ಅರಳಿತು.

"ಯಲ್ಲಾ ಅಕ್ಕ, ಹತ್ತಿ ಹತ್ತಿ. ಮೂರು ವರ್ಷ ಆಯ್ತು ಇಲ್ಲಿ ನಮ್ಮ ಕಡೆಯವರನ್ನು ನೋಡದೆ. ಇಲ್ಲಿ ಬರುವುದೆಲ್ಲ ಬಿಳಿಯರು. ಅವರು ಹಕ್ಕಿ ನೋಡ್ತಾರೆ, ನಾನು ಅವರನ್ನು ನೋಡ್ತೇನೆ."

ದೋಣಿ ಗುಡ್ಡಗಳ ಸಂದಿಗೆ ನುಗ್ಗಿತು. ಅವನ ಬಾಯಿ ಎಂಜಿನ್ನಿಗಿಂತ ಜೋರು. ಯಾವ ಊರು, ಯಾವ ಮನೆ, ಎಷ್ಟು ವರ್ಷದ ಸರ್ವೀಸು, ಎಲ್ಲ ಕೇಳಿ ಮುಗಿಸಿ ಕೊನೆಗೆ, "ಮಕ್ಕಳು ಎಷ್ಟು ಜನ ಸಾರ್?" ಎಂದ.

"ಇಬ್ಬರು" ಎಂದರು ಇವರು. "ದೊಡ್ಡವಳು ನಿಶ್ಮಿತಾ, ಪುಣೆಯಲ್ಲಿ. ಸಣ್ಣವನು ಓದ್ತಾ ಇದ್ದಾನೆ."

ನಾನು ನೀರಿನ ಕಡೆಗೆ ತಿರುಗಿ ಕೂತೆ. ಜನ ಕೇಳಿದಾಗ ನಾನೂ ಇಬ್ಬರು ಎಂದೇ ಹೇಳುವುದು. ಆದರೆ ಹೇಳುವ ಮೊದಲು ಮನಸ್ಸಿನಲ್ಲೇ ಒಮ್ಮೆ ಮೂರು ಎಣಿಸುತ್ತೇನೆ. ಇವರು ಎಣಿಸುವುದಿಲ್ಲ. ಅಷ್ಟೇ ನನ್ನ ಹೊಟ್ಟೆಯುರಿ.

ಅರ್ಧ ಗಂಟೆಯ ಮೇಲೆ ದೋಣಿ ಒಂದು ಪುಟ್ಟ ಕೊಲ್ಲಿಯ ದಡಕ್ಕೆ ತಾಗಿತು. ಕೆಂಪು ಮರದ ಮನೆ ಎಲ್ಲಿ? ದಡದ ಮೇಲೆ ಒಂದು ಪೋರ್ಟಾ ಕ್ಯಾಬಿನ್. ರಸ್ತೆ ಕೆಲಸದವರು ಮಲಗುವಂಥದ್ದು, ತಗಡಿನ ಡಬ್ಬಿ. ಗೋಡೆಯ ಮೇಲಿದ್ದ ಯಾವುದೋ ಕಂಪನಿಯ ಹೆಸರನ್ನು ಅರ್ಧ ಕೆರೆದು ಬಿಟ್ಟಿದ್ದರು. ಒಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ನೀರಿನ ಡ್ರಮ್ಮು.

"ಇದಾ ನಿಮ್ಮ ನಾರ್ವೆ?" ಎಂದೆ. "ಅವರಿಗೆ ಗೊತ್ತಾದರೆ ಕೋರ್ಟಿಗೆ ಹಾಕಿಯಾರು."

ಬಾದುಶಾ ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕಿ, ಅಂಜಲ್ ಮೀನು, ಕುಡಿಯುವ ನೀರು ಇಳಿಸಿ, "ನಾಳೆ ನಾಲ್ಕು ಗಂಟೆಗೆ ಬರ್ತೇನೆ, ಖಲಾಸ್" ಎಂದು ಹೊರಟುಹೋದ. ಎಂಜಿನ್ನಿನ ಸದ್ದು ಗುಡ್ಡದಾಚೆ ಮುಳುಗಿತು.

ಆಮೇಲೆ ಬಂದ ನಿಶ್ಶಬ್ದವಿದೆಯಲ್ಲ, ಅದನ್ನು ದುಡ್ಡು ಕೊಟ್ಟು ಕೊಳ್ಳುವವರೂ ಇದ್ದಾರಂತೆ. ನನಗೆ ಮೈಮೇಲೆ ಇರುವೆ ಹರಿದ ಹಾಗಾಯಿತು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ನಾನು ದಡಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ಒಳಗೆ ಬಂದು ಇಡೀ ಡಬ್ಬಿಯನ್ನು ಗುಡಿಸಿದೆ, ಗ್ಯಾಸ್ ಒಲೆ ತಿಕ್ಕಿದೆ, ಕಿಟಕಿಯ ಗಾಜು ಒರೆಸಿದೆ. ಇವರು ಮೆಟ್ಟಿಲಿನ ಮೇಲೆ ಕೂತು ದುರ್ಬೀನಿನ ಗಾಜನ್ನು ಹತ್ತಿಬಟ್ಟೆಯಲ್ಲಿ ಉಜ್ಜುತ್ತಿದ್ದರು.

"ಕೂತ್ಕೋ ಮಾರಾಯ್ತಿ" ಎಂದರು. "ನೋಡು, ಎಷ್ಟು ಶಾಂತ ಉಂಟು."

"ಶಾಂತ ನಿಮಗೆ. ಇಪ್ಪತ್ತೈದು ವರ್ಷ ಒಬ್ಬರೇ ಇದ್ದು ಅಭ್ಯಾಸ."

"ನೀನು ಒಬ್ಬಳೇ ಇರಲಿಲ್ಲವಲ್ಲ" ಎಂದರು. ಅದನ್ನು ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ರಾತ್ರಿಯ ಊಟಕ್ಕೆಂದು ಸಂಜೆಯೇ ಅಕ್ಕಿ ಅಳೆದೆ. ಪ್ಲಾಸ್ಟಿಕ್ ಮಗ್ಗಿನಲ್ಲಿ ಮೊದಲನೆಯದನ್ನು ಸುರಿದು "ಲಾಬ" ಎಂದೆ, ಆಮೇಲೆ "ರಡ್ಡ್". ಅಕ್ಕಿ, ಬತ್ತ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನಬಾರದು, ಲಾಬ ಎನ್ನಬೇಕು, ಲಾಭ ಎಂದು ಶುರು ಮಾಡಿದರೆ ಕಣಜ ಬರಿದಾಗುವುದಿಲ್ಲ ಎಂದು ಅತ್ತೆ ನನಗೆ ಕಲಿಸಿದ್ದರು. ಎಣಿಕೆ ನನಗೆ ಇವತ್ತಿಗೂ ತುಳುವಿನಲ್ಲೇ ಬರುವುದು, ಅದೂ ಹಾಗೆಯೇ ಬರುವುದು. ಬಟ್ಟೆಯ ಕ್ಲಿಪ್ ಎಣಿಸಿದರೂ ಲಾಬ, ರಡ್ಡ್, ಮೂಜಿ.

ಗುರುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಹೊರಟೆವು. ಕ್ಯಾಬಿನ್ನಿನ ಹಿಂದಿನಿಂದ ಆಡು ನಡೆದು ಆದ ಒಂದು ದಾರಿ ಗುಡ್ಡ ಹತ್ತುತ್ತದೆ. ಫೆಬ್ರವರಿಯಾದ್ದರಿಂದ ಗಾಳಿ ತಂಪಾಗಿತ್ತು, ಆದರೆ ಕಾಲಿನ ಕೆಳಗೆ ಕಲ್ಲು ಉರುಳುತ್ತಿತ್ತು. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ಮುಂದೆ ನಡೆದೆ. ನಡೆಯಲು ಸಿಕ್ಕಿದ್ದೇ ನನಗೆ ಸಾಕಾಗಿತ್ತು. ಇವರು ಹಿಂದಿನಿಂದ ಕಾಲಿಡುವ ಜಾಗವನ್ನು ತಡವಿ ತಡವಿ ಬರುತ್ತಿದ್ದರು. ಎರಡು ಸಲ ಮುಗ್ಗರಿಸಿದರು. ವಯಸ್ಸು ಐವತ್ತನಾಲ್ಕು ಅಷ್ಟೇ. ಏನಾಯಿತು ಇವರಿಗೆ ಎಂದುಕೊಂಡೆ.

ನೆತ್ತಿ ತಲುಪಿದಾಗ ಎದುರಿಗೆ ಸಮುದ್ರದ ಸೀಳು, ಅದರಾಚೆ ನೆಟ್ಟಗೆ ನಿಂತ ಕಲ್ಲಿನ ಗೋಡೆ, ಗೋಡೆಯ ತುಂಬ ಬಿಲಗಳು. ಆ ಗೋಡೆಯ ಮುಂದೆ ಬಿಳಿ ಹಕ್ಕಿಗಳು ಕಿರುಚುತ್ತ ಸುತ್ತುತ್ತಿದ್ದವು. ಕೊಕ್ಕು ಕುಂಕುಮಕ್ಕಿಂತ ಕೆಂಪು. ಬಾಲದಲ್ಲಿ ಎರಡು ಉದ್ದನೆಯ ಗರಿ, ಮೈಗಿಂತಲೂ ಉದ್ದ, ಹಾರುವಾಗ ಹಿಂದಿನಿಂದ ತೇಲಿಕೊಂಡು ಬರುತ್ತಿದ್ದವು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನಾನು ಟಿಕೆಟ್ಟನ್ನೂ ಮರೆತೆ.

"ವರ್ಷವಿಡೀ ನಡುಸಮುದ್ರದಲ್ಲೇ ಇರ್ತಾವೆ" ಎಂದರು ಇವರು, ಏದುಸಿರು ಬಿಡುತ್ತ. "ಗೂಡಿಗೆ ಮಾತ್ರ ದಡಕ್ಕೆ ಬರುವುದು. ನೆಲದ ಮೇಲೆ ನಡೀಲಿಕ್ಕೇ ಬರುವುದಿಲ್ಲ ಅವಕ್ಕೆ. ಕಾಲು ಹಿಂದೆ ಉಂಟು, ಹೊಟ್ಟೆ ಎಳಕೊಂಡು ಹೋಗ್ತಾವೆ."

"ನಿಮ್ಮ ಹಾಗೆ" ಎಂದೆ. "ಹೊರಗೆ ಹಾರಾಟ, ಮನೆಯೊಳಗೆ ಬಂದರೆ ಕಾಲು ಇಡ್ಲಿಕ್ಕೆ ಗೊತ್ತಿಲ್ಲ."

ಇವರು ನಕ್ಕರು. ಈ ಎರಡೂವರೆ ತಿಂಗಳಲ್ಲಿ ನನ್ನ ಮಾತಿಗೆ ಇವರು ನಕ್ಕದ್ದು ಅದೇ ಮೊದಲು. "ಒಂದೇ ಮೊಟ್ಟೆ ಇಡುವುದು ವರ್ಷಕ್ಕೆ" ಎಂದರು.

"ಅದು ಹೋದರೆ?"

"ಹೋದರೆ ಆ ವರ್ಷಕ್ಕೆ ಖಲಾಸ್."

ನಾನು ಬೇರೆ ಕಡೆಗೆ ನೋಡಿದೆ. ಇವರೂ ನೋಟ್‌ಬುಕ್ ಬಿಚ್ಚಿದರು.

ನಾರ್ವೆಯವನು ಪ್ರತಿ ಫೆಬ್ರವರಿಯಲ್ಲಿ ಈ ಗೋಡೆಯ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದ. ಒಂಬತ್ತು, ಹನ್ನೆರಡು, ಹತ್ತು. ಈ ವರ್ಷದ ಲೆಕ್ಕವನ್ನು ಎಣಿಸಿ ಕಳಿಸುತ್ತೇನೆಂದು ಇವರು ಮಾತು ಕೊಟ್ಟಿದ್ದರಂತೆ. ಹಕ್ಕಿ ಬಿಲದೊಳಗೆ ಹೋಗುವುದನ್ನು ಕಣ್ಣಾರೆ ನೋಡಿದರೆ ಮಾತ್ರ ಒಂದು ಗೀಟು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವನು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದಿದ್ದ. ನೋಡದ್ದನ್ನು ಬರೆಯಬೇಡ.

ಇವರು ದುರ್ಬೀನು ಕಣ್ಣಿಗೆ ಹಿಡಿದರು. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಕೊನೆಗೆ ನನ್ನ ಕೈಗೆ ಕೊಟ್ಟು, "ನೀನು ನೋಡಿ ಹೇಳು. ನಾನು ಗೀಟು ಹಾಕ್ತೇನೆ" ಎಂದರು.

"ಯಾಕೆ, ನಿಮ್ಮ ಕಣ್ಣಿಗೆ ಎಂತ ಆಯ್ತು?"

"ಬಲಗಣ್ಣಿಗೆ ಸ್ವಲ್ಪ ಪೊರೆ, ಎಡಗಣ್ಣಿಗೂ ದೂರದ್ದು ಮಸುಕು. ಒಂದು ವರ್ಷ ಆಯ್ತು. ದೊಡ್ಡದೇನಲ್ಲ."

"ನನಗೆ ಯಾಕೆ ಹೇಳಲಿಲ್ಲ?"

ಇವರು ಗಾಳಿ ತಾಗದ ಹಾಗೆ ಬಂಡೆಯ ಮರೆಗೆ ಇಳಿದು, ನನಗೆ ಬೆನ್ನು ಮಾಡಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂತರು. ನಾನು ಮೇಲೆ ನಿಂತೆ. ದುರ್ಬೀನಿನಲ್ಲಿ ಗೋಡೆ ಮೂಗಿನ ಮುಂದೆ ಬಂತು. ಎಡತುದಿಯಲ್ಲಿ, ಬಿಳಿಯ ಪಟ್ಟೆಯ ಕೆಳಗೆ, ಒಂದು ಹಕ್ಕಿ ಬಂದು ರೆಕ್ಕೆ ಬಡಿದು, ಸುಯ್ ಎಂದು ಒಳಗೆ ಸೇರಿತು. ಬಾಲದ ಗರಿ ಸ್ವಲ್ಪ ಹೊತ್ತು ಹೊರಗೇ ಇದ್ದು ಆಮೇಲೆ ಅದೂ ಒಳಗೆ ಹೋಯಿತು.

"ಲಾಬ" ಎಂದು ಕೂಗಿದೆ.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. "ರಡ್ಡ್!" ಆಮೇಲೆ ಮೂಜಿ, ನಾಲ್, ಐನ್. ಸುಲಭದ ಕೆಲಸವಲ್ಲ ಅದು. ಕೆಲವು ಹಕ್ಕಿಗಳು ಬಿಲದ ಬಾಯಿವರೆಗೆ ಬಂದು ಮನಸ್ಸು ಬದಲಾಯಿಸಿ ತಿರುಗುತ್ತವೆ. ಕತ್ತು ನೋಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆದರೆ ಅಷ್ಟು ಹೊತ್ತು ನನ್ನ ಕಾಲು ಒಂದೇ ಕಡೆ ನಿಂತಿತ್ತು. ಬಿಸಿಲು ನೆತ್ತಿಗೆ ಬರುವಾಗ "ಪತ್ತೊಂಜಿ" ಎಂದೆ. ಆಮೇಲೆ ಒಂದು ಗಂಟೆ ಕಾದರೂ ಹೊಸ ಬಿಲ ಕಾಣಲಿಲ್ಲ.

ಕೆಳಗಿಳಿದು ಬಂದು, "ಹನ್ನೊಂದು. ಬರೆದಿರಾ?" ಎಂದೆ.

"ಹತ್ತು" ಎಂದರು ಇವರು.

"ಹನ್ನೊಂದು."

"ಹತ್ತೇ. ನೋಡು, ಐದೈದರ ಎರಡು ಕಟ್ಟು." ನೋಟ್‌ಬುಕ್ ತೋರಿಸಿದರು. ನಾಲ್ಕು ಗೀಟು, ಅಡ್ಡ ಒಂದು. ನಾಲ್ಕು ಗೀಟು, ಅಡ್ಡ ಒಂದು. "ನೀನು ಒಂದೊಂದು ಸಲ ಕೂಗಿದಾಗಲೂ ಒಂದೊಂದು ಹಾಕಿದ್ದೇನೆ."

"ಬಿಳಿ ಪಟ್ಟೆಯ ಕೆಳಗಿನದ್ದು ಹಾಕಿದ್ದೀರಾ? ಮೊದಲಿನದ್ದು?"

"ಮೊದಲಿನದ್ದು ನೀನು ರಡ್ಡ್ ಅಂದೆ. ಗಾಳಿಗೆ ಒಂದು ಅಂದದ್ದು ಕೇಳಲಿಲ್ಲವೋ, ನೀನೇ ತಪ್ಪಿ ಎರಡರಿಂದ ಶುರು ಮಾಡಿದಿಯೋ ಅಂತ ಗ್ರಹಿಸಿದೆ."

"ಅದಕ್ಕೆ ಮೊದಲು ಲಾಬ ಅಂದೆನಲ್ಲ!"

"ಅಂದೆ. ಕೇಳಿತು." ಇವರು ನನ್ನ ಮುಖ ನೋಡಿದರು. "ಅದು ಶುರು ಮಾಡುವಾಗ ಒಳ್ಳೆದಾಗಲಿ ಅಂತ ಹೇಳಿದ್ದಲ್ಲವಾ? ದೇವರ ಹೆಸರು ಹೇಳಿದ ಹಾಗೆ."

ನನಗೆ ಮೈಯೆಲ್ಲ ಹೊತ್ತಿಕೊಂಡಿತು.

"ಲಾಬ ಅಂದರೆ ಒಂದು! ನಿಮ್ಮ ಅಮ್ಮ ಹೇಳಿಕೊಟ್ಟದ್ದು ನನಗೆ. ಅವರ ಹೊಟ್ಟೆಯಲ್ಲಿ ಹುಟ್ಟಿದ ನಿಮಗೆ ಗೊತ್ತಿಲ್ಲವಾ?"

"ಇಪ್ಪತ್ತಾರು ವರ್ಷ ಆಯ್ತು ಕುಸುಮ. ಇಲ್ಲಿ ಅಕ್ಕಿ ಪ್ಯಾಕೆಟಿನಲ್ಲಿ ಬರ್ತದೆ. ಮರೆತುಹೋಯ್ತು."

"ಮರೆತದ್ದಲ್ಲ! ಮೊದಲಿನದ್ದನ್ನು ಬಿಟ್ಟು ಎಣಿಸುವುದು ನಿಮಗೆ ಅಭ್ಯಾಸ. ಅರ್ಜಿಯಲ್ಲಿ ಎರಡು, ದೋಣಿಯಲ್ಲಿ ಎರಡು. ನಾನು ಹೆತ್ತದ್ದು ಮೂರು!"

ಎದುರಿನ ಕಲ್ಲಿನ ಗೋಡೆ ನನ್ನ ಮಾತನ್ನು ಹಿಂದಕ್ಕೆ ಕಳಿಸಿತು. ಹಕ್ಕಿಗಳು ಕಿರುಚಿಕೊಂಡು ಮೇಲೆದ್ದವು. ಇಪ್ಪತ್ತಮೂರು ವರ್ಷ ಒಳಗಿಟ್ಟುಕೊಂಡದ್ದನ್ನು ಹೀಗೆ ಗುಡ್ಡದ ಮೇಲೆ ನಿಂತು ಕೂಗಿದೆನಲ್ಲ ಎಂದು ನಾಚಿಕೆಯಾಯಿತು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಇವರು ಪೆನ್ಸಿಲನ್ನು ನೋಟ್‌ಬುಕ್ಕಿನ ನಡುವೆ ಇಟ್ಟು ಮುಚ್ಚಿದರು. ಆಮೇಲೆ, "ನಾನು ನೋಡಿರಲಿಲ್ಲ" ಎಂದರು.

"ಹಕ್ಕಿಯನ್ನಾ?"

"ಮಗುವನ್ನು."

ನಾನು ಇವರ ಕಡೆಗೆ ತಿರುಗಿದೆ.

"ಅಪ್ಪನ ಕಾಗದ ಬಂದದ್ದು ಇಪ್ಪತ್ತು ದಿವಸ ಆದ ಮೇಲೆ. ಅದಕ್ಕೆ ಮೊದಲಿನ ಕಾಗದ, ಹುಟ್ಟಿದ್ದು ತಿಳಿಸಿದ್ದು, ನನಗೆ ಸಿಕ್ಕಲೇ ಇಲ್ಲ. ನೇರ ಇದೇ ಬಂತು. ‘ಮಗು ಉಳಿಯಲಿಲ್ಲ. ಕುಸುಮ ಸೌಖ್ಯ. ಇಲ್ಲಿ ಮಳೆ ಜೋರು.’ ಅಷ್ಟೇ. ಹತ್ತು ಸಲ ಓದಿದೆ. ಮಗು ಅಂತ ಇತ್ತು. ಗಂಡಾ, ಹೆಣ್ಣಾ, ಅದರಲ್ಲಿ ಇರಲಿಲ್ಲ. ರಜೆಯಲ್ಲಿ ಬಂದಾಗ ಕೇಳಬೇಕು ಅಂತಲೇ ಬಂದೆ. ಬಸ್ ಸ್ಟ್ಯಾಂಡಿನಲ್ಲೇ ಅಪ್ಪ ಹೇಳಿದರು, ಅವಳ ಎದುರು ಆ ಸುದ್ದಿ ಎತ್ತಬೇಡ, ಈಗಷ್ಟೇ ಸ್ವಲ್ಪ ಸುಧಾರಿಸಿದ್ದಾಳೆ ಅಂತ. ಆ ವರ್ಷ ಕೇಳಲಿಲ್ಲ. ಮರುವರ್ಷ ನಿಶ್ಮಿತಾ ಹೊಟ್ಟೆಯಲ್ಲಿ. ಮತ್ತೆ ಕೇಳ್ಲಿಕ್ಕೆ ನಾಚಿಕೆ ಆಯ್ತು. ತನ್ನ ಮಗು ಯಾವುದು ಅಂತ ಗೊತ್ತಿಲ್ಲದ ಅಪ್ಪ ಯಾವ ಬಾಯಲ್ಲಿ ಕೇಳುವುದು? ನೋಡದ್ದನ್ನು ಹೇಗೆ ಎಣಿಸುವುದು?"

ನನಗೂ ಹೇಳಿದ್ದರು. ಇವರು ಬರುವ ಹಿಂದಿನ ದಿನ ಅತ್ತೆ ನನ್ನನ್ನು ಒಳಕೋಣೆಗೆ ಕರೆದು, ಅವನು ಬರುವುದು ಒಂದು ತಿಂಗಳಿಗೆ, ಅವನ ಎದುರು ಅಳಬೇಡ, ನಗುನಗುತ್ತಾ ಇರು ಎಂದಿದ್ದರು. ನಾನು ನಗುತ್ತಲೇ ಇದ್ದೆ. ಅದನ್ನು ನೋಡಿ ಇವರು ಏನೆಂದುಕೊಂಡರೋ! ಇವರ ಮೌನ ನೋಡಿ ನಾನು ಇವರನ್ನು ಕಲ್ಲುಮನುಷ್ಯ ಎಂದುಕೊಂಡೆ. ಒಳ್ಳೆಯ ಮನಸ್ಸಿನ ಇಬ್ಬರು ಮುದುಕರು ಸೇರಿ ನಮ್ಮ ಬಾಯಿಗೆ ಬೀಗ ಹಾಕಿದ್ದರು, ಕೀಲಿಕೈ ತಮ್ಮೊಂದಿಗೇ ತೆಗೆದುಕೊಂಡು ಹೋಗಿದ್ದರು.

"ಎಂತ ಮಗು ಅದು?" ಎಂದರು ಇವರು. ಸ್ವರ ಬಹಳ ಸಣ್ಣದಾಗಿತ್ತು.

"ಹೆಣ್ಣು."

ಇವರು ಆ ಶಬ್ದವನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡರು. "ಯಾರ ಹಾಗೆ ಇತ್ತು?" ಎಂದರು. ಕೂಡಲೇ ತಲೆಯಲ್ಲಾಡಿಸಿ ತಿದ್ದಿಕೊಂಡರು. "ಯಾರ ಹಾಗೆ ಇದ್ದಳು?"

ಅಷ್ಟು ಹೊತ್ತು ತಡೆದುಕೊಂಡ ಅಳು ಆ ಒಂದು ಮಾತಿಗೆ ಬಂತು. ನನ್ನ ಬಾಯಲ್ಲೂ ಅದು ಇಷ್ಟು ವರ್ಷ ‘ಮಗು ಇತ್ತು’ ಎಂದೇ ಇತ್ತು. ಅವಳನ್ನು ಇದ್ದಳು ಎಂದವರು ಯಾರೂ ಇರಲಿಲ್ಲ.

ಎಲ್ಲ ಹೇಳಿದೆ. ಕಿವಿ ಇವರ ಅಮ್ಮನದೇ, ಹಾಲೆ ಸ್ವಲ್ಪ ಮುಂದಕ್ಕೆ ಮಡಚಿಕೊಂಡದ್ದು. ತಲೆ ತುಂಬ ಕೂದಲು. ಹಾಲು ಕುಡಿಯುವಾಗ ನನ್ನ ಸೆರಗಿನ ಅಂಚನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಐದನೆಯ ದಿನ ಜ್ವರ ಬಂತು, ಹೊಳೆಯಲ್ಲಿ ನೆರೆ, ದೋಣಿ ಬಿಡಲಿಲ್ಲ. ಹೆಸರಿಡುವ ದಿನ ಬರಲೇ ಇಲ್ಲ. ನನ್ನ ಅಮ್ಮನ ಮನೆಯ ಗದ್ದೆಯ ಬದುವಿನಾಚೆ ರೆಂಜೆಮರದ ಬುಡದಲ್ಲಿ ಮಣ್ಣು ಮಾಡಿದರು. ನನ್ನನ್ನು ಅಲ್ಲಿಗೆ ಬಿಡಲಿಲ್ಲ, ನಾನು ಕಿಟಕಿಯಿಂದ ನೋಡಿದೆ. ಇವರು ನಡುನಡುವೆ, "ಆಮೇಲೆ?" ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೂ ಒಮ್ಮೆ "ಆಮೇಲೆ?" ಎಂದರು.

ಆಮೇಲೆ ಎದ್ದು ನಿಂತು, ದುರ್ಬೀನು ತೆಗೆದುಕೊಂಡು, ಬಿಳಿ ಪಟ್ಟೆ ಎಲ್ಲಿ ಎಂದು ಕೇಳಿದರು. ನಾನು ಹಿಂದೆ ನಿಂತು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆಗೆ ತಿರುಗಿಸಿದೆ.

"ಕಾಣುವುದಿಲ್ಲ ನನಗೆ" ಎಂದರು. "ಅಲ್ಲಿ ಉಂಟಾ?"

"ಉಂಟು. ಒಳಗೆ ಕೂತಿದೆ."

"ನೀನು ನೋಡಿದ್ದೀಯಲ್ಲ?"

"ನೋಡಿದ್ದೇನೆ."

"ಸಾಕು" ಎಂದರು. ನೋಟ್‌ಬುಕ್ ಬಿಚ್ಚಿದರು. ಕಟ್ಟುಗಳ ಕೊನೆಯಲ್ಲಿ ಬೇಕಾದಷ್ಟು ಜಾಗವಿತ್ತು, ಅಲ್ಲಿ ಹಾಕಲಿಲ್ಲ. ಮೊದಲ ಗೀಟಿಗಿಂತಲೂ ಮೊದಲು, ಪುಟದ ಅಂಚಿನ ಸಣ್ಣ ಜಾಗದಲ್ಲಿ ಒತ್ತಿ ಒಂದು ಗೀಟು ಎಳೆದು, ಕೆಳಗೆ ಹನ್ನೊಂದು ಎಂದು ಬರೆದರು. ನಾರ್ವೆಯವನು ಅದನ್ನು ನೋಡಿ ಏನು ತಿಳಿದುಕೊಳ್ಳುತ್ತಾನೋ ಅವನಿಗೇ ಬಿಟ್ಟದ್ದು.

ಇಳಿಯುವಾಗ ನಾನು ಮುಂದೆ ನಡೆಯಲಿಲ್ಲ. ಇವರ ಬಲಗಡೆಗೆ, ಕಣ್ಣು ಕಾಣದ ಬದಿಗೆ, ಕೈ ಹಿಡಿದು ನಡೆದೆ. ನಮ್ಮ ಕಡೆ ಹೀಗೆ ಕೈ ಹಿಡಿದು ನಡೆದರೆ ಜನ ನಗುತ್ತಾರೆ; ಇಲ್ಲಿ ನೋಡುವುದಕ್ಕೆ ಆಡು ಮಾತ್ರ ಇದ್ದವು.

"ಮೇ ತಿಂಗಳಲ್ಲಿ ರಜೆ ಹಾಕ್ತೇನೆ" ಎಂದರು ಅರ್ಧ ದಾರಿಯಲ್ಲಿ. "ಒಟ್ಟಿಗೆ ಹೋಗುವ. ಆ ಮರ ನನಗೆ ತೋರಿಸ್ತೀಯಾ?"

"ತೋರಿಸದೆ?" ಎಂದೆ. ಸ್ವಲ್ಪ ದೂರ ನಡೆದು, "ಶನಿವಾರ ಫೋನ್ ಮಾಡಬೇಕು ಅಂದಿದ್ದೆನಲ್ಲ" ಎಂದೆ.

ಇವರ ಕೈ ನನ್ನ ಕೈಯಲ್ಲಿ ಬಿಗಿಯಾಯಿತು. "ಹೌದು. ಟ್ರಾವೆಲ್ಸಿನವನಿಗೆ."

"ಅವನಿಗೆ ಎಂತಕ್ಕೆ? ಕಣ್ಣಿನ ಡಾಕ್ಟರಿಗೆ ಮಾಡಿ. ಮತ್ತೊಂದು, ಇನ್ನು ಮೇಲೆ ಅಡಿಗೆಮನೆಯಲ್ಲಿ ನಿಮಗೆ ಕೆಲಸ ಇಲ್ಲ. ಪ್ಲಾಸ್ಟಿಕ್ ಚೀಲ ನಾನು ಹೇಗೆ ಬೇಕಾದರೂ ತುರುಕುತ್ತೇನೆ."

"ಆಯ್ತು" ಎಂದರು. ಚೀಲದ ಮಾತಿಗೆ ಸ್ವಲ್ಪ ನೋವಾದ ಹಾಗೆ ಕಂಡಿತು.

ನಾಲ್ಕು ಗಂಟೆಗೆ ಸರಿಯಾಗಿ ಬಾದುಶಾ ಬಂದ. ಸಾಮಾನು ಏರಿಸಿ, ನಮ್ಮನ್ನು ಹತ್ತಿಸಿ, ದೋಣಿಯನ್ನು ನೀರಿಗೆ ದೂಡುತ್ತಲೇ ಅವನ ಬಾಯಿ ಶುರುವಾಯಿತು.

"ಸಾರ್, ನಿಮ್ಮ ದೊಡ್ಡ ಮಗಳು ಪುಣೆಯಲ್ಲಿ ಅಂದಿರಲ್ಲ, ನನ್ನ ತಂಗಿಯ ಗಂಡನೂ ಅಲ್ಲೇ. ಬೇಕರಿ ಉಂಟು."

"ಅವಳು ದೊಡ್ಡವಳಲ್ಲ ಬಾದುಶಾ" ಎಂದರು ಇವರು. "ಎರಡನೆಯವಳು."

ಬಾದುಶಾ ಹಗ್ಗ ಹಿಡಿದುಕೊಂಡೇ ನಿಂತ. "ನಿನ್ನೆ ಇಬ್ಬರು ಅಂದ ಹಾಗಿತ್ತು?"

"ಎಣಿಸುವಾಗ ತಪ್ಪಿತು. ಮೂರು ಜನ."

"ಹಾಗಾದರೆ ದೊಡ್ಡವಳು ಎಲ್ಲಿದ್ದಾಳೆ?"

ಇವರು ನನ್ನ ಕಡೆಗೆ ನೋಡಿದರು. ಹೇಳಿ ಎಂಬಂತೆ ನಾನು ತಲೆಯಾಡಿಸಿದೆ.

"ಊರಿನಲ್ಲಿ" ಎಂದರು. "ಇವಳ ಅಮ್ಮನ ಮನೆಯಲ್ಲಿ. ಮೇ ತಿಂಗಳಲ್ಲಿ ನೋಡ್ಲಿಕ್ಕೆ ಹೋಗ್ತಾ ಇದ್ದೇವೆ."

"ಒಳ್ಳೆದಾಯ್ತು ಸಾರ್" ಎಂದ ಬಾದುಶಾ, ಮತ್ತು ಎಂಜಿನ್ನಿನ ಹಗ್ಗ ಎಳೆದ.